ತೀರ್ಪುಗಾರರ ಕಸುಬು: ಕ್ಲೈಸ್ಟ್ ಪಾರಿತೋಷಕದ ಚರಿತ್ರೆಯಿಂದ

ಯಾವುದೋ ಗ್ರಂಥಕ್ಕೆ ಬಹುಮಾನ ದೊರೆಯಿತೆಂಬ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದಾಗ ನಾವು ಗ್ರಂಥದ ಹೆಸರನ್ನೂ ಗ್ರಂಥಕರ್ತನ ಹೆಸರನ್ನೂ ಗುರುತು ಹಾಕಿಕೊಳ್ಳುತ್ತೇವೆ. ಬಹುಮಾನದ ಮೊತ್ತವೆಷ್ಟೆಂಬುದರ ಮೇಲೆಯೂ ಒಮ್ಮೆ ಕಣ್ಣಾಡಿಸುತ್ತೇವೆ. ಆದರೆ ಆ ಗ್ರಂಥವನ್ನು ಆರಿಸಿದವರು ಯಾರು, ತೀರ್ಪಿನ ಪೀಠಕ್ಕೆ ಬಂದು ಕುಳಿತುಕೊಳ್ಳುವ ಮೊದಲು ಅವರು ಹೊಟ್ಟೆಪಾಡಿಗಾಗಿ ಏನು ಮಾಡುತ್ತಿದ್ದರು ಎಂದು ಕೇಳುವವರು ವಿರಳ. ನ್ಯಾಯಾಸ್ಥಾನದಲ್ಲಿ ಕುಳಿತವನು ಕಾಯಿದೆ ಓದಿದವನೆಂದು ನಮಗೆ ಗೊತ್ತು. ರೋಗ ಹೇಳುವವನು ವೈದ್ಯ ಓದಿದವನೆಂದು ಗೊತ್ತು. ಕಾವ್ಯದ ಒಳಿತು ಕೆಡುಕುಗಳನ್ನು ಹೇಳುವವನು ಏನನ್ನು ಓದಿರಬೇಕು? ಯಾವ ಕೆಲಸದಲ್ಲಿ ಕೈ ನುರಿತಿರಬೇಕು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರಿಗೆ ಜರ್ಮನಿಯ ಕ್ಲೈಸ್ಟ್ ಪಾರಿತೋಷಕದಷ್ಟು ಅನುಕೂಲವಾದ ಉದಾಹರಣೆ ಇನ್ನೊಂದಿರಲಾರದು. ಏಕೆಂದರೆ ಅಲ್ಲಿ ತೀರ್ಪುಗಾರರ ಗುಂಪೆಂಬುದಿಲ್ಲ. ಪ್ರತಿ ವರ್ಷವೂ ಒಬ್ಬನೇ ಒಬ್ಬನನ್ನು ನಂಬಿಕೆಯ ಮನುಷ್ಯನೆಂದು ನೇಮಿಸಿ, ಆಯ್ಕೆಯ ಸಂಪೂರ್ಣ ಹೊಣೆಯನ್ನು ಅವನೊಬ್ಬನ ತಲೆಯ ಮೇಲೆಯೇ ಹೊರಿಸುತ್ತಾರೆ. ಆದುದರಿಂದ ಯಾರು ಯಾರನ್ನು ಆರಿಸಿದರೆಂಬುದು ಹೆಸರು ಹಿಡಿದು ಹೇಳಬಹುದಾದ ಸಂಗತಿಯಾಗಿದೆ. ಗುಂಪಿನ ಮರೆಯಲ್ಲಿ ಅಡಗಿಕೊಳ್ಳುವ ಅವಕಾಶ ಅಲ್ಲಿ ಯಾರಿಗೂ ಇಲ್ಲ.

ಮೊದಲು ಕ್ಲೈಸ್ಟನ ವಿಷಯವಾಗಿ ಎರಡು ಮಾತು. ಹೈನ್ರಿಖ್ ಫಾನ್ ಕ್ಲೈಸ್ಟನು 1777ರಲ್ಲಿ ಓಡರ್ ನದಿಯ ದಡದ ಫ್ರಾಂಕ್‌ಫುರ್ಟಿನಲ್ಲಿ ಪ್ರಷ್ಯದ ಸೈನಿಕ ಮನೆತನವೊಂದರಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ದಂಡಿಗೆ ಸೇರಿ 1799ರಲ್ಲಿ ಅದನ್ನು ಬಿಟ್ಟನು. ಕೆಲಕಾಲ ಸರಕಾರಿ ನೌಕರಿ ಮಾಡಿದನು. 1810ರ ಅಕ್ಟೋಬರಿನಲ್ಲಿ ಬರ್ಲಿನ್ನಿನಲ್ಲಿ ಸಂಜೆಪತ್ರಿಕೆಯೊಂದನ್ನು ಆರಂಭಿಸಿದನು. ಅದು ಆರು ತಿಂಗಳಿಗೆ ನಿಂತುಹೋಯಿತು. ಕೈಯಲ್ಲಿ ಕಾಸಿಲ್ಲದೆ, ಬರೆದುದನ್ನು ಕೇಳುವವರಿಲ್ಲದೆ, 1811ರ ನವೆಂಬರ 21ರಂದು ಬರ್ಲಿನ್ನಿನ ಹೊರಗೆ ವಾನ್‌ಸೇ ಸರೋವರದ ತೀರದಲ್ಲಿ ತನ್ನ ಕೈಯಾರ ಗುಂಡು ಹಾರಿಸಿಕೊಂಡು ಸತ್ತನು. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಅವನ ಕೊನೆಯ ನಾಟಕವು ರಂಗವನ್ನು ಕಂಡುದು ಅವನು ಸತ್ತು ಹತ್ತು ವರ್ಷಗಳಾದ ಮೇಲೆ, 1821ರಲ್ಲಿ.

ತೀರ್ಪುಗಾರರ ಮಾತು ಬಂದಾಗ ಅವನ ಇನ್ನೊಂದು ನಾಟಕವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅದು ‘ಒಡೆದ ಹೂಜಿ’ ಎಂಬ ಪ್ರಹಸನ. ಹಾಲಂಡ್ ದೇಶದ ಒಂದು ಹಳ್ಳಿ. ಅಲ್ಲಿನ ನ್ಯಾಯಾಧೀಶನ ಹೆಸರು ಆಡಮ್. ಮಾರ್ತೆ ಎಂಬ ಹೆಂಗಸು ತನ್ನ ಮನೆಯ ಹೂಜಿಯನ್ನು ಯಾರೋ ರಾತ್ರಿಯಲ್ಲಿ ಒಡೆದರೆಂದು ದೂರು ತರುತ್ತಾಳೆ. ಒಡೆದವನು ನ್ಯಾಯಾಧೀಶನೇ! ಅವಳ ಮಗಳ ಕೋಣೆಯಿಂದ ಕತ್ತಲಲ್ಲಿ ಓಡುವಾಗ ಅವನ ಕೈತಪ್ಪಿನಿಂದ ಹೂಜಿ ಬಿದ್ದಿದೆ. ತನ್ನ ತಪ್ಪನ್ನು ತಾನೇ ವಿಚಾರಿಸುತ್ತ, ಸಾಕ್ಷಿಗಳನ್ನು ಅತ್ತಿತ್ತ ತಿರುಗಿಸುತ್ತ, ನ್ಯಾಯಾಧೀಶನು ಪಡುವ ಪಾಡೇ ನಾಟಕದ ಜೀವಾಳ. ಇದನ್ನು ಮಹಾಕವಿ ಗೋಯ್ಟೆಯು 1808ರಲ್ಲಿ ವೈಮರ್ ನಗರದ ರಂಗಭೂಮಿಯಲ್ಲಿ ಆಡಿಸಿದನು. ಒಂದೇ ಅಂಕದ ನಾಟಕವನ್ನು ಮೂರಾಗಿ ಕತ್ತರಿಸಿದುದರಿಂದ ಓಟ ಕೆಟ್ಟು, ಆಟವು ನೆಲಕಚ್ಚಿತು. ಗೋಯ್ಟೆಯಂಥ ದೊಡ್ಡವನ ಕಣ್ಣಿಗೂ ಎದುರಿಗೆ ನಿಂತ ಕಿರಿಯನ ಯೋಗ್ಯತೆ ಕಾಣಿಸದೆ ಹೋಯಿತಲ್ಲ ಎಂಬ ವ್ಯಥೆಯು ಜರ್ಮನರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಕ್ಲೈಸ್ಟನ ಹೆಸರಿನ ಪಾರಿತೋಷಕಕ್ಕೆ ಬೇರು ಈ ವ್ಯಥೆಯಲ್ಲಿದೆ.

1911ರಲ್ಲಿ, ಕವಿಯು ತೀರಿಕೊಂಡ ನೂರನೆಯ ವರ್ಷದಲ್ಲಿ, ಬರ್ಲಿನ್ನಿನ ದಿನಪತ್ರಿಕೆಯೊಂದರ ಸಂಪಾದಕ ವರ್ಗದಲ್ಲಿದ್ದ ಫ್ರಿಟ್ಸ್ ಎಂಗೆಲ್ ಎಂಬಾತನು ಕ್ಲೈಸ್ಟನ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸುವ ಸಲಹೆ ಮಾಡಿದನು. ಹೆಸರಾದವರಿಗೆ ಹಾರ ಹಾಕುವುದು ಅದರ ಗುರಿಯಾಗಿರಲಿಲ್ಲ. ಇನ್ನೂ ಹೆಸರಾಗದೆ ಕಷ್ಟದಲ್ಲಿರುವ ಎಳೆಯ ಲೇಖಕರಿಗೆ ಕೈಹಿಡಿಯುವುದು ಗುರಿಯಾಗಿತ್ತು. ಎರಡನೆಯ ಕ್ಲೈಸ್ಟನೊಬ್ಬನು ಸರೋವರದ ದಡಕ್ಕೆ ನಡೆದು ಹೋಗಬಾರದು, ಅಷ್ಟೇ.

ಒಬ್ಬನೇ ತೀರ್ಪುಗಾರನಿರಬೇಕೆಂಬ ಕ್ರಮವನ್ನು ಹಾಕಿಕೊಟ್ಟವನು ರಿಖಾರ್ಡ್ ಡೇಮೆಲ್ ಎಂಬ ಕವಿ. ಬಹುಮತದಿಂದ ಕಾವ್ಯವನ್ನು ಆರಿಸಹೊರಟರೆ ಮಧ್ಯಮ ದರ್ಜೆಯದೇ ಗೆಲ್ಲುತ್ತದೆ ಎಂಬುದು ಅವನ ವಾದ. ಐದು ಮಂದಿ ಕುಳಿತರೆ ಒಬ್ಬೊಬ್ಬನಿಗೂ ಒಂದೊಂದು ಗ್ರಂಥ ಮೆಚ್ಚಿಗೆಯಾಗುತ್ತದೆ. ಕೊನೆಗೆ ಯಾರಿಗೂ ಬೇಡವೆನಿಸದ, ಯಾರಿಗೂ ಬಲವಾಗಿ ಬೇಕೆನಿಸದ ಆರನೆಯದಕ್ಕೆ ಎಲ್ಲರೂ ಒಪ್ಪುತ್ತಾರೆ. ಈ ಮಾತಿನ ಸತ್ಯವನ್ನು ಒಪ್ಪಿಕೊಳ್ಳಲು ನಾವು ಜರ್ಮನಿಯ ವರೆಗೆ ಹೋಗಬೇಕಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳ ಪ್ರಬಂಧ ಸ್ಪರ್ಧೆಯೊಂದಕ್ಕೆ ನಾವು ಮೂವರು ಉಪಾಧ್ಯಾಯರು ತೀರ್ಪುಗಾರರಾಗಿ ಕುಳಿತಿದ್ದೆವು. ಕಾಗುಣಿತದ ತಪ್ಪುಗಳಿಂದ ತುಂಬಿದ್ದ, ಆದರೆ ಮಳೆಗಾಲದಲ್ಲಿ ಸೋರುವ ಮನೆಯೊಳಗೆ ಪಾತ್ರೆಗಳನ್ನು ಎಲ್ಲೆಲ್ಲಿ ಇಡುತ್ತಾರೆಂಬುದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದ ಒಂದು ಪ್ರಬಂಧವನ್ನು ನಮ್ಮಲ್ಲಿ ಒಬ್ಬರು ಮೊದಲನೆಯದೆಂದರು; ಇಬ್ಬರು ಕೊನೆಯದೆಂದರು. ಅಂಕಗಳನ್ನು ಕೂಡಿಸಿದಾಗ, ಮೂವರಲ್ಲಿ ಯಾರೂ ಮೊದಲನೆಯದೆಂದು ಬಗೆಯದ ಅಚ್ಚುಕಟ್ಟಾದ ಒಂದು ಬರಹವು ಮೊದಲಿನದಾಯಿತು. ಆ ಇಬ್ಬರಲ್ಲಿ ನಾವೂ ಒಬ್ಬರಾಗಿದ್ದೆವೆಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ. ಬಹುಮಾನ ಪಡೆದ ಪ್ರಬಂಧದ ಒಂದು ವಾಕ್ಯವೂ ಇಂದು ನೆನಪಿಲ್ಲ. ಆ ಸೋರುವ ಮನೆಯು ನೆನಪಿದೆ.

ಇರಲಿ. ಡೇಮೆಲ್‌ನು ಯಾರು? ಅರಣ್ಯಪಾಲಕನ ಮಗ, 1863ರಲ್ಲಿ ಹುಟ್ಟಿದವನು. 1887ರಲ್ಲಿ ವಿಮೆಯ ವಿಷಯವಾಗಿ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದು, ಬರ್ಲಿನ್ನಿನಲ್ಲಿ ಅಗ್ನಿವಿಮಾ ಕಂಪೆನಿಗಳ ಸಂಘದ ಕಾರ್ಯದರ್ಶಿಯಾಗಿ 1895ರ ವರೆಗೆ ಕೆಲಸ ಮಾಡಿದನು. ಸುಟ್ಟುಹೋಗುವ ಮನೆಗಳ ಬೆಲೆ ಕಟ್ಟುವ ಲೋಕದಲ್ಲಿ ಹಗಲನ್ನು ಕಳೆದು, ರಾತ್ರಿಯಲ್ಲಿ ಉರಿಯುವ ಕವಿತೆಗಳನ್ನು ಬರೆಯುತ್ತಿದ್ದನೆಂದು ವಿನೋದಕ್ಕಾಗಿ ಹೇಳಬಹುದು. ಅವನ ಮೇಲೆಯೇ ಒಮ್ಮೆ ತೀರ್ಪು ನಡೆದಿತ್ತು. 1897ರಲ್ಲಿ ಅವನ ಕವನಸಂಗ್ರಹವೊಂದು ಅಶ್ಲೀಲವೆಂದೂ ಧರ್ಮನಿಂದೆಯೆಂದೂ ನ್ಯಾಯಾಲಯದ ಮುಂದೆ ಬಂದಿತು. ದೂರು ಕೊಟ್ಟವನು ಇನ್ನೊಬ್ಬ ಕವಿ. ಹೀಗೆ ಗುಮಾಸ್ತಿಕೆಯ ಲೆಕ್ಕವನ್ನೂ ಆಪಾದಿತನ ಕಟಕಟೆಯನ್ನೂ ಕಂಡು ಬಂದವನು 1912ರಲ್ಲಿ ಮೊದಲನೆಯ ತೀರ್ಪುಗಾರನಾದನು.

ಅವನು ಪಾರಿತೋಷಕವನ್ನು ಇಬ್ಬರಿಗೆ ಹಂಚಿದನು. ಒಬ್ಬನು ಇಪ್ಪತ್ತು ವರ್ಷದ ರೈನ್‌ಹಾರ್ಡ್ ಸೋರ್ಗೆ. ಅವನ ‘ಭಿಕ್ಷುಕ’ ಎಂಬ ನಾಟಕವು ಜರ್ಮನ್ ರಂಗಭೂಮಿಯಲ್ಲಿ ಹೊಸ ಯುಗಕ್ಕೆ ಬಾಗಿಲು ತೆರೆಯಿತೆಂದು ಚರಿತ್ರಕಾರರು ಹೇಳುತ್ತಾರೆ. ಅವನು 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಮಡಿದನು. ಇನ್ನೊಬ್ಬನು ಹೆರ್ಮನ್ ಬುರ್ಟೆ. ಇವನು ದೀರ್ಘಾಯುವಾಗಿ ಬಾಳಿ, ಜನಾಂಗಾಭಿಮಾನದ ಅಮಲನ್ನು ತಲೆಗೇರಿಸಿಕೊಂಡು, ಹಿಟ್ಲರನ ಸ್ತುತಿಪಾಠಕರಲ್ಲಿ ಒಬ್ಬನಾದನು. ಒಂದೇ ಲೇಖನಿ, ಒಂದೇ ದಿನ, ಎರಡು ಹೆಸರು! ಒಬ್ಬ ತೀರ್ಪುಗಾರನಿದ್ದರೆ ತಪ್ಪಾಗುವುದಿಲ್ಲವೆಂದು ಯಾರಾದರೂ ಭಾವಿಸಿದ್ದರೆ ಮೊದಲನೆಯ ವರ್ಷವೇ ಅದಕ್ಕೆ ಉತ್ತರ ಕೊಟ್ಟಿತು. ಒಬ್ಬನಿದ್ದರೆ ಆಗುವ ಲಾಭ ಬೇರೆ. ತಪ್ಪು ಯಾರದೆಂಬುದು ಗೊತ್ತಾಗುತ್ತದೆ.

ಆ ಬಳಿಕ ಬಂದ ತೀರ್ಪುಗಾರರಲ್ಲಿ ಕೆಲವರ ವೃತ್ತಿಯನ್ನು ನಾವು ಗಮನಿಸೋಣ. ಎಲ್ಲರನ್ನೂ ಹೇಳುತ್ತ ಹೋದರೆ ಹೆಸರುಗಳ ಜಾತ್ರೆಯಾದೀತು.

1920ರ ತೀರ್ಪುಗಾರನು ಆಸ್ಕರ್ ಲೋರ್ಕೆ. ರೈತನ ಮಗ, ಕವಿ. ಅವನಿಗೇ 1913ರಲ್ಲಿ ಈ ಪಾರಿತೋಷಕ ದೊರೆತಿತ್ತು. 1917ರಿಂದ ಅವನು ಬರ್ಲಿನ್ನಿನ ಫಿಷರ್ ಪ್ರಕಾಶನಾಲಯದಲ್ಲಿ ವಾಚಕನಾಗಿದ್ದನು. ವಾಚಕನೆಂದರೆ, ಬಂದ ಹಸ್ತಪ್ರತಿಗಳನ್ನೆಲ್ಲ ಓದಿ ಯಾವುದು ಅಚ್ಚಿಗೆ ಯೋಗ್ಯ, ಯಾವುದು ಅಲ್ಲವೆಂದು ಒಡೆಯನಿಗೆ ಹೇಳುವವನು. ನಮ್ಮಂಥವರು ಪರೀಕ್ಷೆಯ ಕಾಲದಲ್ಲಿ ಉತ್ತರಪತ್ರಿಕೆಗಳ ರಾಶಿಯ ಹಿಂದೆ ಕುಳಿತಿರುತ್ತೇವಲ್ಲ, ಅವನ ಪಾಲಿಗೆ ವರ್ಷವೆಲ್ಲವೂ ಪರೀಕ್ಷೆಯ ಕಾಲ. ತಾನು ಕವಿತೆ ಬರೆಯಬೇಕಾದ ಹೊತ್ತನ್ನು ಪರರ ಬರಹಕ್ಕೆ ಒಪ್ಪಿಸಿ, 1941ರಲ್ಲಿ ಸಾಯುವ ವರೆಗೂ ಅದೇ ಕೆಲಸದಲ್ಲಿ ಸವೆದನು. ಇಂಥವನು ಆರಿಸಿದುದು ಹಾನ್ಸ್ ಹೆನ್ನಿ ಯಾನ್ ಎಂಬ ಇಪ್ಪತ್ತೈದು ವರ್ಷದ ತರುಣನ ಮೊದಲ ನಾಟಕವನ್ನು. ಓದಿದವರು ಬೆಚ್ಚಿಬೀಳುವಂಥ, ಕ್ರೌರ್ಯ ಭಯಗಳಿಂದ ಇಡಿಕಿರಿದ ನಾಟಕ ಅದು. ಸಭ್ಯರ ಸಮಿತಿಯೊಂದು ಅದನ್ನು ಎಂದೆಂದಿಗೂ ಒಪ್ಪುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಆ ನಾಟಕವು 1919ರಲ್ಲಿ ಅಚ್ಚಾದುದು ಲೋರ್ಕೆ ಸಂಬಳ ಪಡೆಯುತ್ತಿದ್ದ ಫಿಷರ್ ಪ್ರಕಾಶನಾಲಯದಿಂದಲೇ. ತನ್ನ ಅಂಗಡಿಯ ಸರಕಿಗೆ ತಾನೇ ಮುದ್ರೆ ಒತ್ತಿದನೆಂದು ಹೇಳುವವರು ಹೇಳಬಹುದು; ‘ಒಡೆದ ಹೂಜಿ’ಯ ನ್ಯಾಯಾಧೀಶನು ನೆನಪಿಗೆ ಬರಬಹುದು. ಆದರೆ ಅಂಗಡಿಗೆ ಲಾಭ ತರುವ ಸರಕು ಅದಾಗಿರಲಿಲ್ಲ. ಲೋಕವು ಹೇಸಿದ ಒಂದು ಕೃತಿಯ ಪಕ್ಕದಲ್ಲಿ ಅವನು ತನ್ನ ಹೆಸರನ್ನಿಟ್ಟು ನಿಂತನು. ಇದನ್ನು ಪಕ್ಷಪಾತವೆನ್ನಲು ನಮಗೆ ಮನಸ್ಸು ಬಾರದು. ಆದರೂ ತೀರ್ಪುಗಾರನ ಅನ್ನದ ಋಣವು ಎಲ್ಲಿದೆಯೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

1922ರಲ್ಲಿ ಬಂದವನು ಹೆರ್ಬರ್ಟ್ ಈರಿಂಗ್, ನಾಟಕ ವಿಮರ್ಶಕ. ಅವನು ಬರೆಯುತ್ತಿದ್ದ ಪತ್ರಿಕೆಯ ಹೆಸರಿನಲ್ಲಿಯೇ ಷೇರುಪೇಟೆ ಇತ್ತು. ವರ್ತಕರು ಷೇರುಗಳ ಧಾರಣೆ ನೋಡುವುದಕ್ಕಾಗಿ ಕೊಳ್ಳುತ್ತಿದ್ದ ಪತ್ರಿಕೆ. ಆ ಧಾರಣೆಯ ಅಂಕಣಗಳ ಪಕ್ಕದಲ್ಲಿ ಈರಿಂಗನು ನಾಟಕಗಳ ಬೆಲೆ ಕಟ್ಟುತ್ತಿದ್ದನು. ಆ ವರ್ಷದ ಸೆಪ್ಟೆಂಬರ 29ರಂದು ಮ್ಯೂನಿಕ್ ನಗರದಲ್ಲಿ ಇಪ್ಪತ್ತನಾಲ್ಕು ವರ್ಷದ ಬೆರ್ಟೋಲ್ಟ್ ಬ್ರೆಖ್ಟನ ‘ರಾತ್ರಿಯ ನಗಾರಿಗಳು’ ಎಂಬ ನಾಟಕವು ಮೊದಲ ಬಾರಿಗೆ ಆಡಲ್ಪಟ್ಟಿತು. ಈರಿಂಗನು ಬರ್ಲಿನ್ನಿನಿಂದ ರೈಲು ಹತ್ತಿ ಹೋಗಿ ನೋಡಿದನು. ಈ ಹುಡುಗನು ರಾತ್ರಿ ಬೆಳಗಾಗುವುದರೊಳಗೆ ಜರ್ಮನ್ ಸಾಹಿತ್ಯದ ಮುಖವನ್ನೇ ಬದಲಿಸಿದನೆಂಬ ಅಭಿಪ್ರಾಯವನ್ನು ವಾರದೊಳಗೆ ಅಚ್ಚಿಸಿದನು. ಪಾರಿತೋಷಕವೂ ಬ್ರೆಖ್ಟನಿಗೇ ಸಂದಿತು. ಬರ್ಲಿನ್ನಿನ ಅತಿ ಪ್ರಬಲ ವಿಮರ್ಶಕನಾಗಿದ್ದ ಆಲ್ಫ್ರೆಡ್ ಕೆರ್‌ನಿಗೆ ಬ್ರೆಖ್ಟನೆಂದರೆ ಆಗುತ್ತಿರಲಿಲ್ಲ. ಇಬ್ಬರು ವಿಮರ್ಶಕರ ಜಗಳವು ವರ್ಷಗಟ್ಟಲೆ ನಡೆಯಿತು. ವಿಮರ್ಶಕರಿಬ್ಬರನ್ನೂ ಒಂದೇ ಸಮಿತಿಯಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಬಹುಶಃ ಮೂರನೆಯವನೊಬ್ಬನು ಗೆಲ್ಲುತ್ತಿದ್ದನು.

ಮರುವರ್ಷ, 1923. ಜರ್ಮನಿಯ ನಾಣ್ಯವು ಕಸವಾಗಿದ್ದ ವರ್ಷ ಅದು. ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳನ್ನು ಕೊಡಬೇಕಾಗಿತ್ತು. ಬಹುಮಾನದ ಹಣವೆಂಬ ಮಾತಿಗೆ ಅರ್ಥವೇ ಉಳಿದಿರಲಿಲ್ಲ, ಉಳಿದುದು ಮಾನವೊಂದೇ. ಆ ವರ್ಷದ ತೀರ್ಪುಗಾರನು ಆಲ್ಫ್ರೆಡ್ ಡೋಬ್ಲಿನ್ ಎಂಬ ವೈದ್ಯ. ವೈದ್ಯ ಓದಿ ಬಿಟ್ಟವನಲ್ಲ. ನಿತ್ಯ ವೈದ್ಯ ಮಾಡುತ್ತಿದ್ದವನು. 1905ರಲ್ಲಿ ಸ್ಮೃತಿಭ್ರಂಶದ ರೋಗವೊಂದರ ಮೇಲೆ ಪ್ರಬಂಧ ಬರೆದು ಪದವಿ ಪಡೆದನು, ಹುಚ್ಚಾಸ್ಪತ್ರೆಗಳಲ್ಲಿ ದುಡಿದನು, ಯುದ್ಧಕಾಲದಲ್ಲಿ ಸೈನ್ಯದ ವೈದ್ಯನಾಗಿದ್ದನು, ಆಮೇಲೆ ಬರ್ಲಿನ್ನಿನ ಪೂರ್ವಭಾಗದ ಕೂಲಿಕಾರರ ಕೇರಿಯಲ್ಲಿ ನರರೋಗಗಳ ಚಿಕಿತ್ಸಾಲಯ ಇಟ್ಟುಕೊಂಡು, ಕಾರ್ಮಿಕರ ವಿಮಾನಿಧಿಯ ಚೀಟಿ ಹಿಡಿದು ಬರುವ ಬಡವರನ್ನು ನೋಡುತ್ತಿದ್ದನು. ರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಬರೆಯುತ್ತಿದ್ದನು.

ಈ ವೈದ್ಯನ ಆಯ್ಕೆಯು ನಮ್ಮಂಥವರಿಗೆ ವಿಶೇಷ ಕುತೂಹಲದ್ದು. ಅವನು ಆರಿಸಿದ ಇಬ್ಬರಲ್ಲಿ ಒಬ್ಬನು ರೋಬೆರ್ಟ್ ಮೂಸಿಲ್. ಇಂಜಿನಿಯರ್ ಪರೀಕ್ಷೆ ಮುಗಿಸಿ, ಅನಂತರ ತತ್ತ್ವಶಾಸ್ತ್ರ ಮನಶ್ಶಾಸ್ತ್ರಗಳನ್ನು ಓದಿದವನು. ಅವನ ನಾಟಕವು ಅಚ್ಚಾಗಿ ಎರಡು ವರ್ಷವಾಗಿದ್ದರೂ ಯಾರೂ ಆಡುವ ಧೈರ್ಯ ಮಾಡಿರಲಿಲ್ಲ. 1929ರ ವರೆಗೂ ಅದು ರಂಗ ಕಾಣಲಿಲ್ಲ. ಪಾತ್ರಗಳು ಓಡಾಡುವುದಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಮನಸ್ಸಿನೊಳಗೆ ಇಳಿಯುವ ನಾಟಕ ಅದು. ಇನ್ನೊಬ್ಬರ ಮನಸ್ಸಿನ ಮಾತನ್ನು ಗಂಟೆಗಟ್ಟಲೆ ಕೇಳಿ ಕೇಳಿ ಅಭ್ಯಾಸವಾಗಿದ್ದ ನರವೈದ್ಯನಿಗೆ ಅದು ಬೇಸರ ತರಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು? ಎರಡನೆಯವನು ವಿಲ್ಹೆಲ್ಮ್ ಲೇಮನ್, ಶಾಲೆಯ ಉಪಾಧ್ಯಾಯ! ಕಾಡು, ಹಕ್ಕಿ, ಹುಲ್ಲುಗಳ ವಿವರಗಳನ್ನು ಸೂಕ್ಷ್ಮವಾಗಿ ಕಂಡು ಬರೆಯುವವನು. ಇವನ ಮಾತನ್ನು ಮುಂದೆ ಮತ್ತೆ ಎತ್ತುತ್ತೇವೆ.

ಡೋಬ್ಲಿನನಿಗೂ ನಮ್ಮ ದೇಶಕ್ಕೂ ಒಂದು ನಂಟು ಉಂಟು. ಅವನು 1927ರಲ್ಲಿ ‘ಮಾನಸ್’ ಎಂಬ ಪದ್ಯರೂಪದ ದೀರ್ಘಕಾವ್ಯವನ್ನು ಪ್ರಕಟಿಸಿದನು. ಅದರ ಭೂಮಿ ಭಾರತ. ನಾಯಕಿಯ ಹೆಸರು ಸಾವಿತ್ರಿ. ಶಿವನೂ ಅದರಲ್ಲಿ ಬರುತ್ತಾನೆ. ಕೊಂಡವರು ಬಹಳ ಕಡಿಮೆ. ಅದನ್ನು ಮನಸಾರೆ ಮೆಚ್ಚಿ ಬರೆದವರಲ್ಲಿ ಮೂಸಿಲನು ಒಬ್ಬ. ಋಣ ತೀರಿಸಿದನೆಂದು ಕೆಲವರು ಅಂದುಕೊಂಡಿರಬಹುದು. ನಾಲ್ಕು ವರ್ಷ ತಡೆದು ತೀರಿಸುವ ಋಣವನ್ನು ನಾವಂತೂ ಋಣವೆನ್ನಲಾರೆವು.

ಈಗ 1928. ಲೋರ್ಕೆಯು ಆರಿಸಿದ್ದ ಯಾನ್ ಎಂಬ ತರುಣನು ಈ ಸಲ ತೀರ್ಪುಗಾರನ ಪೀಠದಲ್ಲಿದ್ದಾನೆ. ಇವನ ಕಸುಬು ಕ್ರೈಸ್ತ ದೇವಾಲಯಗಳಲ್ಲಿ ಬಾರಿಸುವ ಆರ್ಗನ್ ವಾದ್ಯಗಳ ನಿರ್ಮಾಣ. ಆ ವಾದ್ಯವನ್ನು ನೋಡದವರು ನಮ್ಮ ಮಕ್ಕಳಲ್ಲಿ ಅನೇಕರಿರಬಹುದು. ಭಜನೆಯಲ್ಲಿ ಬಾರಿಸುವ ಹಾರ್ಮೋನಿಯಂ ಪೆಟ್ಟಿಗೆಯ ದೂರದ ದೊಡ್ಡಪ್ಪನೆಂದು ತಿಳಿಯಿರಿ: ಒಂದು ಗೋಡೆಯಷ್ಟು ಎತ್ತರ, ಸಾವಿರಾರು ಕೊಳವೆಗಳು, ಗಾಳಿಯನ್ನೂಡುವ ತಿದಿಗಳು. ಯಾನನು ಯುದ್ಧವೆಂದರೆ ಹೇಸಿ, 1915ರಲ್ಲಿ ಸೈನ್ಯದ ಕರೆಯನ್ನು ತಪ್ಪಿಸಿಕೊಂಡು ನಾರ್ವೆ ದೇಶಕ್ಕೆ ಹೋಗಿ, ಯುದ್ಧ ಮುಗಿಯುವ ವರೆಗೂ ಅಲ್ಲಿದ್ದನು; ಈ ವಿದ್ಯೆಯಲ್ಲಿ ಆಳವಾಗಿ ತೊಡಗಿದುದೂ ಆ ಕಾಲದಲ್ಲೇ. ಹಿಂದಿರುಗಿದ ಮೇಲೆ ಹ್ಯಾಂಬುರ್ಗ್ ನಗರದ ಸಂತ ಯಾಕೋಬನ ದೇವಾಲಯದಲ್ಲಿದ್ದ ಹಳೆಯ ಆರ್ಗನ್ನನ್ನು ಪರೀಕ್ಷಿಸಿದನು. ಆರ್ಪ್ ಶ್ನಿಟ್ಗರ್ ಎಂಬ ಮಹಾಶಿಲ್ಪಿಯು 1689ರಿಂದ 1693ರ ವರೆಗೆ ಕಟ್ಟಿದ ವಾದ್ಯ ಅದು. 1917ರಲ್ಲಿ ಯುದ್ಧಕ್ಕೆ ಲೋಹ ಬೇಕೆಂದು ಅದರ ಮುಂಭಾಗದ ತವರದ ಕೊಳವೆಗಳನ್ನು ಕಿತ್ತೊಯ್ದು ಕರಗಿಸಿದ್ದರು. ಕಾಲಕ್ಕೆ ತಕ್ಕುದಲ್ಲವೆಂದು ಅದನ್ನು ಕಡೆಗಣಿಸಿದ್ದ ಜನಕ್ಕೆ, ಇಂಥ ನಾದವನ್ನು ಇನ್ನು ಯಾರೂ ಕಟ್ಟಲಾರರೆಂದು ಈ ಯುವಕನು ವಾದಿಸಿ, ದುಡ್ಡು ಕೂಡಿಸಿ, ವಾದ್ಯವನ್ನು ಉಳಿಸಿದನು.

ಇಂಥ ಕಿವಿಯುಳ್ಳವನ ಮುಂದೆ 1928ರಲ್ಲಿ ಎರಡು ಕಥೆಗಳು ಬಂದವು. ಒಂದು ಮೀನುಗಾರರ ದಂಗೆಯ ಕಥೆ. ಪುಸ್ತಕದ ಮೇಲೆ ‘ಜೇಗರ್ಸ್’ ಎಂದಷ್ಟೇ ಇದ್ದಿತು. ಬರೆದವರು ಗಂಡೋ ಹೆಣ್ಣೋ ಎಂಬುದೂ ಹೆಸರಿನಿಂದ ತಿಳಿಯುವಂತಿರಲಿಲ್ಲ. ವಾಕ್ಯಗಳು ಬರಡು, ಬಿಗಿ, ಅಲಂಕಾರವಿಲ್ಲ, ಅಳುವಿಲ್ಲ. ಯಾನನ ಸ್ವಂತ ಬರಹವೋ ಪ್ರವಾಹ. ಈ ಬರಹವು ಬಂಡೆ. ತನ್ನ ರೀತಿಗೆ ತೀರ ವಿರುದ್ಧವಾದ ಬರಹವನ್ನು ಅವನು ಆರಿಸಿದನು. ಬರೆದವಳು ಮೈನ್ಸ್ ನಗರದ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು. ರೆಂಬ್ರಾಂಟನ ಚಿತ್ರಗಳ ಮೇಲೆ ಪ್ರಬಂಧ ಬರೆದು 1924ರಲ್ಲಿ ಡಾಕ್ಟರ್ ಪದವಿ ಪಡೆದವಳು. ಅನ್ನಾ ಜೇಗರ್ಸ್ ಎಂಬ ಹೆಸರಿನಿಂದ ಆಕೆ ಮುಂದೆ ಲೋಕಪ್ರಸಿದ್ಧಳಾದಳು. ಒಂದು ಕೊಳವೆಯ ದನಿ ತನಗೆ ಹಿತವಲ್ಲದಿದ್ದರೂ ಅದು ಶ್ರುತಿಯಲ್ಲಿದೆಯೇ ಇಲ್ಲವೇ ಎಂದು ಹೇಳಬಲ್ಲವನೇ ವಾದ್ಯಶಿಲ್ಪಿ ತಾನೆ? ಈ ಆಯ್ಕೆಗೂ ಆ ಕಸುಬಿಗೂ ಸಂಬಂಧವಿದೆಯೆಂದು ಯಾನನು ಹೇಳಲಿಲ್ಲ. ಅದು ನಮ್ಮ ಊಹೆ. ಆದರೂ ನಾವು ಓದಿದ ತೀರ್ಪುಗಳಲ್ಲಿ ಇದರಷ್ಟು ನಮಗೆ ಮೆಚ್ಚಿಗೆಯಾದುದು ಬೇರೊಂದಿಲ್ಲ.

1931ರಲ್ಲಿ ಕಾರ್ಲ್ ತ್ಸುಕ್‌ಮಾಯರ್ ತೀರ್ಪುಗಾರನಾದನು. 1925ರಲ್ಲಿ ಪಾರಿತೋಷಕ ಪಡೆದವನು. ಯುದ್ಧದ ಮುಂಚೂಣಿಯಲ್ಲಿದ್ದು ಬಂದವನು. ನಾಟಕಶಾಲೆಗಳಲ್ಲಿ ಕೃತಿಗಳನ್ನು ಆರಿಸಿ ತಿದ್ದುವ ಕೆಲಸ ಮಾಡಿದವನು. ಅವನು ಓಡನ್ ಫಾನ್ ಹೋರ್ವಾತನೆಂಬ ನಾಟಕಕಾರನನ್ನೂ ಎರಿಕ್ ರೇಗರನೆಂಬ ಕಾದಂಬರಿಕಾರನನ್ನೂ ಆರಿಸಿದನು. ಈ ರೇಗರನು ಎಸ್ಸೆನ್ ನಗರದ ಕ್ರುಪ್ ಉಕ್ಕಿನ ಕಾರಖಾನೆಯ ಪ್ರಚಾರ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಅಲ್ಲಿ ಕಂಡುದನ್ನೆಲ್ಲ ಕಾದಂಬರಿಯಾಗಿ ಬರೆದವನು. 1932ರ ಪಾರಿತೋಷಕವನ್ನು ಎಲ್ಸೆ ಲಾಸ್ಕರ್-ಶೂಲರ್ ಎಂಬ ಅರವತ್ತು ದಾಟಿದ ಯೆಹೂದಿ ಕವಯಿತ್ರಿಗೂ ರಿಖಾರ್ಡ್ ಬಿಲ್ಲಿಂಗರನಿಗೂ ಹಂಚಿದರು. ಅಲ್ಲಿಗೆ ಪಟ್ಟಿಯು ನಿಂತುಹೋಗುತ್ತದೆ.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರವರಿ 28ರಂದು, ವೈದ್ಯ ಡೋಬ್ಲಿನನು ದೇಶ ಬಿಟ್ಟನು. ಅವನ ಪದವಿಯು ಪರದೇಶದಲ್ಲಿ ಚಿಕಿತ್ಸೆಗೆ ಉಪಯೋಗಕ್ಕೆ ಬರಲಿಲ್ಲ. ಮರಳಿ ಅವನು ರೋಗಿಗಳನ್ನು ನೋಡಲಿಲ್ಲ. ಕವಯಿತ್ರಿಯು ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿಗೆ ಓಡಿದಳು. 1945ರಲ್ಲಿ ಜೆರೂಸಲೇಮಿನಲ್ಲಿ ತೀರಿಕೊಂಡಳು. ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಅನ್ನಾ ಜೇಗರ್ಸ್ ಫ್ರಾನ್ಸಿಗೆ ಹೋದಳು, ಅಲ್ಲಿಂದ ಮೆಕ್ಸಿಕೋ ದೇಶಕ್ಕೆ. ಯಾನನು ಡೆನ್ಮಾರ್ಕಿನ ಬೋರ್ನ್‌ಹೋಲ್ಮ್ ದ್ವೀಪದಲ್ಲಿ ಹೊಲ ಉಳುತ್ತ ಕುದುರೆ ಸಾಕುತ್ತ ದಿನ ಕಳೆದನು. ತ್ಸುಕ್‌ಮಾಯರನು ಮೊದಲು ಆಸ್ಟ್ರಿಯದಲ್ಲಿದ್ದು, 1938ರಲ್ಲಿ ಅದನ್ನೂ ಬಿಟ್ಟು, ಕೊನೆಗೆ ಅಮೆರಿಕದ ವೆರ್ಮಾಂಟಿನಲ್ಲಿ ರೈತನಾದನು. ಒಬ್ಬನ ತೀರ್ಪನ್ನು ನಂಬುವ ಏರ್ಪಾಟು ಹೋಗಿ, ಇಡೀ ದೇಶಕ್ಕೆ ಒಬ್ಬನೇ ತೀರ್ಪುಗಾರನಾದನು. ಎರಡೂ ‘ಒಬ್ಬ’ ಎಂದಮಾತ್ರಕ್ಕೆ ಒಂದೇ ಎಂದು ಮಕ್ಕಳು ತಿಳಿಯಬಾರದು: ಕ್ಲೈಸ್ಟ್ ಪಾರಿತೋಷಕದಲ್ಲಿ ತೀರ್ಪುಗಾರನು ವರ್ಷಕ್ಕೊಮ್ಮೆ ಬದಲಾಗುತ್ತಿದ್ದನು, ಅವನ ತೀರ್ಪನ್ನು ಪತ್ರಿಕೆಗಳಲ್ಲಿ ಯಾರು ಬೇಕಾದರೂ ಹಳಿಯಬಹುದಾಗಿತ್ತು.

ಲೋರ್ಕೆಯ ಪಾಡು ಎಲ್ಲಕ್ಕಿಂತ ದುಃಖಕರ. ಅವನು ದೇಶ ಬಿಡಲಿಲ್ಲ. ಅವನ ಒಡೆಯ ಫಿಷರ್ ಯೆಹೂದಿ. ಪ್ರಕಾಶನಾಲಯದ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಹಿಟ್ಲರನಿಗೆ ನಿಷ್ಠೆಯನ್ನು ಸಾರಿ 88 ಮಂದಿ ಲೇಖಕರ ಹೆಸರಿನಲ್ಲಿ 1933ರ ಅಕ್ಟೋಬರಿನಲ್ಲಿ ಹೊರಟ ಪತ್ರದಲ್ಲಿ ಲೋರ್ಕೆಯ ಹೆಸರೂ ಇದೆ. ಮನೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಮಣಿದನೆಂದು ಹೇಳುತ್ತಾರೆ. ಇದ್ದಿರಬಹುದು. ಹದಿಮೂರು ವರ್ಷ ಹಿಂದೆ ಲೋಕವೆಲ್ಲ ಬೇಡವೆಂದ ಕೃತಿಗೆ ಒಬ್ಬನೇ ತನ್ನ ಹೆಸರು ಕೊಟ್ಟಿದ್ದವನು, ಈಗ 88ರಲ್ಲಿ ಒಂದಾಗಿ ನಿಂತನು. ಅನ್ನ ಕೊಟ್ಟ ಮನೆಯ ಋಣವು ಮನುಷ್ಯನನ್ನು ಎರಡು ದಿಕ್ಕಿಗೂ ಎಳೆಯಬಲ್ಲದು.

ಯುದ್ಧಾನಂತರದ ಸಂಗತಿಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಪಶ್ಚಿಮ ಜರ್ಮನಿಯಲ್ಲಿ 1947ರಲ್ಲಿ ಹಾನ್ಸ್ ವೆರ್ನರ್ ರಿಖ್ಟರ್ ಎಂಬ, ಪುಸ್ತಕದ ಅಂಗಡಿಯಲ್ಲಿ ಕೆಲಸ ಕಲಿತವನೊಬ್ಬನು ಲೇಖಕರ ಕೂಟವೊಂದನ್ನು ಕರೆದನು. ಅಲ್ಲಿ ಕ್ರಮವೇ ಬೇರೆ: ಲೇಖಕನು ಓದಬೇಕು, ಕೂಟವೆಲ್ಲ ಎದುರಿಗೇ ಟೀಕಿಸಬೇಕು, ಬಹುಮಾನವನ್ನು ಮತದಿಂದ ನಿರ್ಣಯಿಸಬೇಕು. ಆರಂಭದಲ್ಲಿ ಬರೆಯುವವರೇ ಬರೆಯುವವರನ್ನು ತೂಗುತ್ತಿದ್ದರು. ಕ್ರಮೇಣ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಪತ್ರಿಕಾವಿಮರ್ಶಕರೂ ಮುಂದಿನ ಸಾಲಿಗೆ ಬಂದು, ಲೇಖಕರು ಹಿಂದೆ ಸರಿದರು. ಆದರೂ 1965ರಲ್ಲಿ ಅದರ ಬಹುಮಾನ ಪಡೆದ ಪೇಟರ್ ಬಿಕ್ಸೆಲ್‌ನು ಸ್ವಿಟ್ಜರ್ಲೆಂಡಿನ ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯನೆಂಬುದನ್ನು ಹೇಳದೆ ಬಿಡಲು ನಮ್ಮ ಮನಸ್ಸು ಒಪ್ಪದು. 2005ರಲ್ಲಿ ಆರಂಭವಾದ ಜರ್ಮನ್ ಗ್ರಂಥ ಪಾರಿತೋಷಕಕ್ಕೆ ಏಳು ಮಂದಿ ತೀರ್ಪುಗಾರರು. ವಿಮರ್ಶಕರ ಜೊತೆಗೆ ಪುಸ್ತಕದ ವ್ಯಾಪಾರಿಗಳಿಗೂ ಅದರಲ್ಲಿ ಸ್ಥಾನವುಂಟು.

ಕ್ಲೈಸ್ಟ್ ಪಾರಿತೋಷಕವು ಮರುಹುಟ್ಟು ಪಡೆದುದು 1985ರಲ್ಲಿ. ಅರ್ಧ ಶತಮಾನಕ್ಕೂ ಮೇಲ್ಪಟ್ಟ ಮೌನದ ಅನಂತರ. ಹಳೆಯ ಕ್ರಮವನ್ನೇ, ಒಬ್ಬ ನಂಬಿಕೆಯ ಮನುಷ್ಯನ ಕ್ರಮವನ್ನೇ, ಉಳಿಸಿಕೊಂಡರು. ಆ ವರ್ಷದ ತೀರ್ಪುಗಾರನು ಹೆಲ್ಮುಟ್ ಹೈಸೆನ್‌ಬ್ಯೂಟಲ್. ರಷ್ಯದ ರಣರಂಗದಲ್ಲಿ ಎಡಗೈಯನ್ನು ಕಳೆದುಕೊಂಡವನು. ಸ್ಟುಟ್‌ಗಾರ್ಟ್ ರೇಡಿಯೋ ನಿಲಯದಲ್ಲಿ 1981ರ ವರೆಗೆ ಸಾಹಿತ್ಯ ಪ್ರಬಂಧಗಳ ವಿಭಾಗವನ್ನು ನಡೆಸಿದವನು. ಅವನು ಆರಿಸಿದುದು ಅಲೆಕ್ಸಾಂಡರ್ ಕ್ಲೂಗೆಯನ್ನು. ಕಾಯಿದೆ ಓದಿ ವಕೀಲನಾಗಿ, ಚಲಚ್ಚಿತ್ರಗಳನ್ನೂ ತೆಗೆದ ಕಥೆಗಾರನನ್ನು. 2010ರಲ್ಲಿ ಮಿಖಾಯೆಲ್ ನೌಮನ್ ಎಂಬ ಪತ್ರಕರ್ತನು, ಹಿಂದೆ ಸರಕಾರದಲ್ಲಿ ಸಂಸ್ಕೃತಿಯ ಖಾತೆಯನ್ನು ನೋಡಿಕೊಂಡಿದ್ದವನು, ಫೆರ್ಡಿನಾಂಡ್ ಫಾನ್ ಶೀರಾಖ್ ಎಂಬ ಅಪರಾಧ ಮೊಕದ್ದಮೆಗಳ ವಕೀಲನ ಕಥೆಗಳನ್ನು ಆರಿಸಿದನು. ನ್ಯಾಯಾಧೀಶ ಆಡಮನನ್ನು ಸೃಷ್ಟಿಸಿದ ಕವಿಯ ಹೆಸರಿನ ಪಾರಿತೋಷಕವು ವಕೀಲನ ಮನೆಗೆ ಹೋದುದು ಕ್ಲೈಸ್ಟನಿಗೆ ನಗು ತರಿಸುತ್ತಿತ್ತೇನೋ!

ವಿಮಾ ಸಂಘದ ಕಾರ್ಯದರ್ಶಿ, ಹಸ್ತಪ್ರತಿಗಳ ವಾಚಕ, ವಿಮರ್ಶಕ, ನರವೈದ್ಯ, ಆರ್ಗನ್ ಕಟ್ಟುವವನು, ರೇಡಿಯೋ ನೌಕರ. ಕಸುಬು ಇವರಿಗೆ ಕಾವ್ಯವನ್ನು ಕಲಿಸಿತೆಂದು ನಾವು ಹೇಳುವುದಿಲ್ಲ. ಕಸುಬುಳ್ಳವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಆದರೆ ಅನ್ನಕ್ಕೆ ಬೇರೊಂದು ಮೂಲವಿದ್ದ ಡೋಬ್ಲಿನ್, ಯಾನ್ ಇವರು ಸಾಹಿತ್ಯಲೋಕದ ಮುಲಾಜಿಗೆ ಬೀಳಬೇಕಾಗಿರಲಿಲ್ಲವೆಂಬುದು ಅವರ ಆಯ್ಕೆಗಳಲ್ಲಿ ಕಾಣುತ್ತದೆ. ಸಾಹಿತ್ಯವೇ ಅನ್ನವಾಗಿದ್ದ ಲೋರ್ಕೆ, ಈರಿಂಗ್ ಇವರು ಅಷ್ಟೇ ಧೈರ್ಯ ತೋರಿದರಲ್ಲ ಎಂದು ಕೇಳಿದರೆ, ಹೌದು, ತೋರಿದರು; ಅವರ ಪಾಲಿಗೆ ಅದು ಹೆಚ್ಚು ಬೆಲೆಯ ಧೈರ್ಯ.

ನಾವು ಇಲ್ಲಿ ವೃತ್ತಿಯನ್ನು ಹುಡುಕಿದ ತೀರ್ಪುಗಾರರಲ್ಲಿ ಉಪಾಧ್ಯಾಯನೊಬ್ಬನೂ ಸಿಕ್ಕಲಿಲ್ಲ. ಪಾರಿತೋಷಕ ಪಡೆದವರಲ್ಲಿ ಸಿಕ್ಕಿದನು, ಲೇಮನ್. ಅವನು ಹಿಂದಿನ ಯುದ್ಧದಲ್ಲಿ ದಂಡಿನಿಂದ ಓಡಿಹೋಗಿ, ಇಂಗ್ಲಿಷರ ಸೆರೆಯಲ್ಲಿದ್ದು ಬಂದವನು. 1933ರಲ್ಲಿ, ಇದ್ದ ನೌಕರಿಯು ಎಲ್ಲಿ ಹೋದೀತೋ ಎಂಬ ಭಯದಿಂದ, ಹಿಟ್ಲರನ ಪಕ್ಷಕ್ಕೆ ತನ್ನ ಹೆಸರನ್ನೂ ಕೊಟ್ಟನು. ಡೋಬ್ಲಿನನು ಅವನನ್ನು ಆರಿಸಿದ 1923ರಲ್ಲಿಯೇ ಅವನು ಬಾಲ್ಟಿಕ್ ಕಡಲ ತೀರದ ಎಕರ್ನ್‌ಫೋರ್ಡೆ ಎಂಬ ಚಿಕ್ಕ ಊರಿನ ಶಾಲೆಗೆ ಬಂದಿದ್ದನು. ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳನ್ನು ಕಲಿಸುತ್ತ 1947ರ ವರೆಗೆ ಅಲ್ಲಿಯೇ ಇದ್ದನು.